ಕಾಕಂಬಿಯಿಂದ ಕೊಬ್ಬಿನವರೆಗೆ

ಸಕ್ಕರೆಯ ಕಥೆಯನ್ನು ಹೇಳುವವರು ಬಹಳ ಮಂದಿ. ಕಾಕಂಬಿಯ ಕಥೆಯನ್ನು ಹೇಳುವವರು ಕಡಮೆ. ಸಕ್ಕರೆ ಬಿಳುಪಾದದ್ದು, ಹರಳಾದದ್ದು, ಹಬ್ಬದ ಮನೆಗೆ ಸಲ್ಲುವಂಥದು. ಕಾಕಂಬಿಯಾದರೋ ಕಪ್ಪು, ಅಂಟು, ಮೇಲೆ ಒಂದು ಬಗೆಯ ಹುಳಿ ನಾತ. ಕಬ್ಬಿನ ಹಾಲನ್ನು ಕುದಿಸಿ, ಹರಳುಗಟ್ಟಿಸಿ, ತೆಗೆಯಬಹುದಾದಷ್ಟು ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಪಾಕ ಅದು. ಹಾಗೆಂದು ಅದು ಬರಿಯ ಕಸವಲ್ಲ. ತೂಕದ ಹೆಚ್ಚುಕಡಮೆ ಅರ್ಧದಷ್ಟು ಸಕ್ಕರೆಯೇ ಅದರಲ್ಲಿ ಇನ್ನೂ ಅಡಗಿರುತ್ತದೆ. ಎಷ್ಟು ಕುದಿಸಿದರೂ ಅದು ಹರಳಾಗಿ ಕೈಗೆ ಸಿಕ್ಕದು, ಅಷ್ಟೆ. ಕೈಗೆ ಸಿಕ್ಕದ ಆ ಸಕ್ಕರೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆ ಮಂಡ್ಯದ ಪೇಟೆಯಲ್ಲಿ ತೊಂಬತ್ತು ವರ್ಷಗಳ ಹಿಂದೆಯೇ ಎದ್ದಿತ್ತು. ಇಂದು ಪರದೇಶಗಳ ಪ್ರಯೋಗಶಾಲೆಗಳಲ್ಲಿ ಬ್ಯಾಕ್ಟೀರಿಯಾಗಳ ವಂಶವಾಹಿಗಳನ್ನು ತಿದ್ದಿ, ಸಕ್ಕರೆ ತಿನ್ನಿಸಿ, ಅವುಗಳಿಂದ ಕೊಬ್ಬನ್ನು ಕರೆದುಕೊಳ್ಳುವ ವಿದ್ಯೆ ಬೆಳೆಯುತ್ತಿದೆ. ವಿದ್ಯೆ ಹೊಸದು, ಪ್ರಶ್ನೆ ಮಾತ್ರ ಮಂಡ್ಯದವರಿಗೆ ಹಳೆಯ ಪರಿಚಯದ್ದು.

ಮೊದಲು ನೆಲದ ಮಾತು. ಮಂಡ್ಯ, ಮದ್ದೂರು, ಮಳವಳ್ಳಿಗಳು ಹಸಿರು ನಾಡು ಎಂದು ಇಂದು ರೈಲಿನ ಕಿಟಕಿಯಿಂದ ನೋಡುವವರಿಗೆ ತೋರುತ್ತದೆ. ಈ ಹಸಿರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಅದಕ್ಕೆ ಮುಂಚೆ ಕೆರೆಗಳ ಕೆಳಗಿನ ಗದ್ದೆಗಳನ್ನೂ ನದಿಗಳ ಹಳೆಯ ನಾಲೆಗಳನ್ನೂ ಬಿಟ್ಟರೆ ಉಳಿದುದೆಲ್ಲ ರಾಗಿ ಬೆಳೆಯುವ ಹೊಲ. ಮಳೆ ಬಂದರೆ ಮುದ್ದೆ, ಬಾರದಿದ್ದರೆ ಗುಳೆ. ಮಳವಳ್ಳಿ ಸೀಮೆಯ ಪಾಡಂತೂ ವಿಚಿತ್ರ. ಅಲ್ಲಿನ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ೧೯೦೨ರಲ್ಲಿಯೇ ವಿದ್ಯುತ್ತು ಹುಟ್ಟಿ, ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ತಂತಿಗಳು ಹಾದುಹೋದ ಹಳ್ಳಿಗಳಲ್ಲಿ ಮಾತ್ರ ಮತ್ತೆಷ್ಟೋ ವರ್ಷ ಹರಳೆಣ್ಣೆ, ಹೊಂಗೆ ಎಣ್ಣೆಯ ಹಣತೆಗಳೇ ಉರಿದವು. ಹುಟ್ಟಿದ ಶಕ್ತಿ ಒಂದು ಕಡೆ, ಉರಿಯುವ ದೀಪ ಇನ್ನೊಂದು ಕಡೆ ಎಂಬುದು ಈ ಸೀಮೆಗೆ ಅಂದಿನಿಂದಲೂ ಅಂಟಿಕೊಂಡು ಬಂದ ಮಾತು. ಕಾಕಂಬಿಯ ಕಥೆಯಲ್ಲಿಯೂ ಅದು ತಲೆಹಾಕುತ್ತದೆ.

೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾದಾಗ ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರು ಒದಗಿಸುವುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಹೊಲಗಳಿಗೆ ನೀರು ಬರುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. ಕಟ್ಟೆಯ ಎಡದಂಡೆಯಿಂದ ಹೊರಟ ದೊಡ್ಡ ನಾಲೆಗೆ ವೈಸರಾಯ್ ಇರ್ವಿನ್ನರ ಹೆಸರಿಟ್ಟರು; ಈಗ ಅದನ್ನು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುತ್ತಾರೆ. ಹುಲಿಕೆರೆಯ ಬಳಿ ಎರಡು ಮೈಲಿಗೆ ಸಮೀಪದ ಸುರಂಗ ಕೊರೆದು, ದಿಣ್ಣೆಯ ಒಡಲೊಳಗಿಂದ ನೀರನ್ನು ಆಚೆಗೆ ದಾಟಿಸಿದರು. ಸುರಂಗದಿಂದ ಹೊರಬಂದ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಇಳಿಯಿತು.

ನೀರು ಬಂದರೆ ಬದುಕು ಬಂದಂತೆ ಎಂದು ಊರ ಹೊರಗಿರುವವರು ತಿಳಿಯುವುದುಂಟು. ನಾಲೆ ಕಟ್ಟಿದವರಿಗೆ ಅಷ್ಟು ನಿಶ್ಚಿಂತೆ ಇರಲಿಲ್ಲ. ಖರ್ಚು ಹುಟ್ಟಬೇಕು, ಖರ್ಚು ಹುಟ್ಟಬೇಕಾದರೆ ರೈತ ಹಣದ ಬೆಳೆ ಬೆಳೆಯಬೇಕು, ಹಣದ ಬೆಳೆ ಬೆಳೆದರೆ ಅದನ್ನು ಕೊಳ್ಳುವವರು ಬೇಕು. ಎಲ್ಲರೂ ಬತ್ತವನ್ನೇ ಕಟ್ಟಿಕೊಂಡರೆ ನೀರೂ ಸಾಲದು, ಬೆಲೆಯೂ ನಿಲ್ಲದು. ಆದುದರಿಂದ ಜಮೀನನ್ನು ಭಾಗಗಳಾಗಿ ವಿಂಗಡಿಸಿ, ಕಬ್ಬು, ಬತ್ತ, ಅರೆನೀರಿನ ಬೆಳೆಗಳನ್ನು ಸರದಿಯಂತೆ ತಿರುಗಿಸುವ ಏರ್ಪಾಡಾಯಿತು. ಕಬ್ಬಿಗೆ ಕಾರ್ಖಾನೆ ಬೇಕೇ ಬೇಕು ಎಂದು ಹಟ ಹಿಡಿದವರು ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಡಾ. ಲೆಸ್ಲಿ ಕೋಲ್ಮನ್. ಕೆನಡಾ ದೇಶದವರು, ೧೯೦೮ರಲ್ಲಿ ಬೆಳೆಗಳ ರೋಗ ಮತ್ತು ಕೀಟಗಳ ತಜ್ಞರಾಗಿ ಮೈಸೂರಿಗೆ ಬಂದು, ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕ್ರಮವನ್ನು ರೂಢಿಗೆ ತಂದವರು. ಮರದ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ವಿಜ್ಞಾನಿ ಸಕ್ಕರೆ ಕಂಪೆನಿಯ ಲೆಕ್ಕ ಹಾಕುವುದಕ್ಕೆ ಕೂತದ್ದು ಸ್ವಾರಸ್ಯದ ಸಂಗತಿ. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಬೆಂಬಲ ದೊರೆಯಿತು. ೧೯೩೩ರಲ್ಲಿ ಸರ್ಕಾರದ ಷೇರು ಬಂಡವಾಳವೂ ಸೇರಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಕಾಲವೂ ಅನುಕೂಲವಾಗಿತ್ತು. ಹೊರದೇಶದ ಸಕ್ಕರೆಗೆ ಸುಂಕ ಹಾಕಿ ದೇಶದ ಕಾರ್ಖಾನೆಗಳನ್ನು ಕಾಯುವ ಕಾನೂನು ೧೯೩೨ರಲ್ಲಿ ಬಂದಿತ್ತು. ಮೂವತ್ತು ಚಿಲ್ಲರೆ ಇದ್ದ ಕಾರ್ಖಾನೆಗಳು ನಾಲ್ಕೈದು ವರ್ಷಗಳಲ್ಲಿ ನೂರ ಮೂವತ್ತನ್ನು ದಾಟಿದವು. ಮಂಡ್ಯ ಹಳ್ಳಿ ಹೋಗಿ ಪೇಟೆಯಾಯಿತು. ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಒಂದು ಜಿಲ್ಲೆಯ ಹೆಸರೇ ಆಯಿತು.

ಇಷ್ಟು ಕಾರ್ಖಾನೆಗಳು ಒಮ್ಮೆಗೇ ಎದ್ದರೆ ಇಷ್ಟು ಕಾಕಂಬಿಯೂ ಒಮ್ಮೆಗೇ ಬರುತ್ತದೆ ಎಂಬುದನ್ನು ಯಾರೂ ಮುಂಚೆ ಆಲೋಚಿಸಿರಲಿಲ್ಲ. ಒಂದು ಟನ್ನು ಕಬ್ಬು ಅರೆದರೆ ನಲವತ್ತು ನಲವತ್ತೈದು ಕಿಲೋ ಕಾಕಂಬಿ ನಿಲ್ಲುತ್ತದೆ. ಉತ್ತರದ ಕಾರ್ಖಾನೆಗಳು ಹೊಂಡ ತೋಡಿ ತುಂಬಿದವು, ಹೊಳೆಗೆ ಬಿಟ್ಟವು. ಊರವರು ಮೂಗು ಮುಚ್ಚಿಕೊಂಡರು. ಅಲಹಾಬಾದಿನ ಪ್ರೊಫೆಸರ್ ನೀಲರತನ ಧರ್ ಅವರು ಚೌಳು ಭೂಮಿಗೆ ಕಾಕಂಬಿ ಸುರಿದು ಅದನ್ನು ಸಾಗುವಳಿಗೆ ತರಬಹುದೆಂದು ಪ್ರಯೋಗ ಮಾಡಿದರು. ಆದರೆ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಖಚಿತವಾದ ಉಪಾಯವೆಂದರೆ ಹುಳಿಹಿಡಿಸಿ ಬಟ್ಟಿ ಇಳಿಸುವುದು. ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಸಕ್ಕರೆ ಹರಳಾಗಿರಬೇಕು, ಬೆಳ್ಳಗಿರಬೇಕು ಎಂಬ ಜಂಭವಿಲ್ಲ. ನೀರು ಬೆರೆಸಿ ತೆಳ್ಳಗೆ ಮಾಡಿಕೊಟ್ಟರೆ ಸಾಕು. ತಿಂದು, ಅರ್ಧವನ್ನು ಗಾಳಿಗೆ ಬಿಟ್ಟು, ಇನ್ನರ್ಧವನ್ನು ಮದ್ಯಸಾರವಾಗಿಸುತ್ತದೆ. ಒಂದು ಟನ್ನು ಕಾಕಂಬಿಗೆ ಇನ್ನೂರ ಇಪ್ಪತ್ತರಿಂದ ಇನ್ನೂರ ಐವತ್ತು ಲೀಟರಿನ ತನಕ ಬರುತ್ತದೆ.

ಮದ್ಯಸಾರವನ್ನು ಎಂಜಿನ್ನಿಗೆ ಹಾಕುವ ಯೋಚನೆ ನಮ್ಮವರದೇನೂ ಅಲ್ಲ. ಫ್ರಾನ್ಸಿನಲ್ಲಿ ೧೯೨೩ರಲ್ಲಿ, ಬ್ರೆಜಿಲಿನಲ್ಲಿ ೧೯೩೧ರಲ್ಲಿ ಪೆಟ್ರೋಲಿಗೆ ಅದನ್ನು ಬೆರೆಸಬೇಕೆಂದು ಕಾನೂನೇ ಆಗಿತ್ತು. ತೊಡಕು ಇದ್ದದ್ದು ನೀರಿನಲ್ಲಿ. ಎಷ್ಟು ಸಲ ಬಟ್ಟಿ ಇಳಿಸಿದರೂ ಮದ್ಯಸಾರದಲ್ಲಿ ನೂರಕ್ಕೆ ನಾಲ್ಕೈದು ಪಾಲು ನೀರು ಉಳಿದೇ ಉಳಿಯುತ್ತದೆ. ಆ ನೀರಿದ್ದರೆ ಪೆಟ್ರೋಲು ಮದ್ಯಸಾರಗಳು ಜಗಳವಾಡಿದ ದಾಯಾದಿಗಳಂತೆ ಪದರ ಪದರವಾಗಿ ಬೇರೆ ನಿಲ್ಲುತ್ತವೆ. ಸಿಡ್ನಿ ಯಂಗ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು ಬೆಂಜೀನ್ ಬೆರೆಸಿ ಬಟ್ಟಿ ಇಳಿಸಿದರೆ ಆ ಕೊನೆಯ ನೀರೂ ಹೊರಟುಹೋಗುತ್ತದೆಂದು ೧೯೦೨ರಲ್ಲಿ ತೋರಿಸಿದ್ದರು. ಹೀಗೆ ನೀರು ಕಳೆದುಕೊಂಡ ಸಾರಕ್ಕೆ ಪವರ್ ಆಲ್ಕೊಹಾಲ್ ಎಂಬ ಹೆಸರು. ಸಂಯುಕ್ತ ಪ್ರಾಂತ ಮತ್ತು ಬಿಹಾರಗಳು ಸಮಿತಿ ನೇಮಿಸಿ ೧೯೩೮ರ ಸುಮಾರಿನಲ್ಲಿ ವಿಚಾರಣೆ ನಡೆಸುತ್ತಿದ್ದಂತೆಯೇ ಮೈಸೂರು ಸಂಸ್ಥಾನ ಈ ದಾರಿ ಹಿಡಿಯಿತು. ಮೂವತ್ತರ ದಶಕ ಮುಗಿಯುವ ಹೊತ್ತಿನ ಮಾತು ಅದು. ಪೆಟ್ರೋಲಿಗೆ ಮದ್ಯಸಾರ ಬೆರೆಸಿದವರಲ್ಲಿ ಮೈಸೂರು ಭಾರತಕ್ಕೇ ಮೊದಲಿಗರ ಸಾಲಿನದು. ತೈಲ ಕಂಪೆನಿಗಳಿಗೆ ಇದು ರುಚಿಸದಿದ್ದುದು ಸಹಜವೇ.

ಅಷ್ಟರಲ್ಲಿ ಯುದ್ಧ ಬಂತು. ಪೆಟ್ರೋಲಿಗೆ ಪಡಿತರ; ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆಗಳು. ಹಡಗಿನಲ್ಲಿ ಬರಬೇಕಾದ ಎಣ್ಣೆ ಬಾರದಾದಾಗ ನಾಲೆಯ ಬಯಲಿನ ಕಬ್ಬಿಗೆ ಒಂದು ಹೊಸ ಗೌರವ ಬಂದಿತು. ರೈತನಿಗೆ ಇದು ತಿಳಿದಿತ್ತೋ ಇಲ್ಲವೋ, ಅವನ ಗದ್ದೆಯ ಒಂದು ಅಂಶ ಬೆಂಗಳೂರು ಮೈಸೂರುಗಳ ಮೋಟಾರುಗಳಲ್ಲಿ ಉರಿಯುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ೧೯೪೮ರಲ್ಲಿ ಭಾರತ ಸರ್ಕಾರವೂ ಪವರ್ ಆಲ್ಕೊಹಾಲ್ ಕಾನೂನನ್ನು ಮಾಡಿತು.

ಕಾನೂನು ಉಳಿಯಿತು, ಬೆರಕೆ ಕರಗಿತು. ಕಾರಣ ಗುಟ್ಟಿನದಲ್ಲ. ಯುದ್ಧಾನಂತರ ಪೆಟ್ರೋಲು ಅಗ್ಗವಾಯಿತು, ಹೇರಳವಾಯಿತು. ಇತ್ತ ಮದ್ಯಸಾರಕ್ಕೆ ಬೇರೆ ಗಿರಾಕಿಗಳು ಹುಟ್ಟಿದರು. ರಾಸಾಯನಿಕ ಕಾರ್ಖಾನೆಗಳಿಗೆ ಅದು ಮೂಲವಸ್ತು. ಮಂಡ್ಯದಲ್ಲಿಯೇ ಅರವತ್ತರ ದಶಕದಲ್ಲಿ ಎದ್ದ ಮೈಸೂರು ಅಸಿಟೇಟ್ ಅಂಡ್ ಕೆಮಿಕಲ್ಸ್ ಕಂಪೆನಿ ಮದ್ಯಸಾರದಿಂದ ಅಸಿಟಿಕ್ ಆಮ್ಲವನ್ನೂ ಅಸಿಟೇಟನ್ನೂ ಮಾಡುತ್ತಿತ್ತು. ಅದು ಈಗ ಮುಚ್ಚಿದೆ. ಬಡಾವಣೆಗೆ ಮಾತ್ರ ಅದರ ಹೆಸರು ಉಳಿದಿದೆ. ಇನ್ನೊಬ್ಬ ಗಿರಾಕಿಯ ಪರಿಚಯ ವಾಚಕರಿಗೆ ಬೇಡ. ಕಾಕಂಬಿಗೆ ಎಂಜಿನ್ನಿಗಿಂತ ಮನುಷ್ಯನ ಗಂಟಲೇ ಹೆಚ್ಚು ಬೆಲೆ ಕೊಡುತ್ತದೆ; ಅದರ ಮೇಲಿನ ತೆರಿಗೆ ಸರ್ಕಾರದ ಬೊಕ್ಕಸಕ್ಕೂ ಸಿಹಿ. ೧೯೪೮ರ ಕಾನೂನು ೨೦೦೦ದಲ್ಲಿ ರದ್ದಾದಾಗ ಅಳುವವರು ಯಾರೂ ಇರಲಿಲ್ಲ. ಮೂರೇ ವರ್ಷಕ್ಕೆ, ೨೦೦೩ರಲ್ಲಿ, ಎಥೆನಾಲ್ ಎಂಬ ಹೆಸರು ಹೊತ್ತು ಅದೇ ಬೆರಕೆ ಮರಳಿ ಬಂದಿತು. ಆಗ ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೊದಲು ನೂರಕ್ಕೆ ಐದು ಎಂದರು. ೨೦೨೨ರಲ್ಲಿ ಹತ್ತು ಮುಟ್ಟಿತು. ಇಪ್ಪತ್ತು ಪಾಲಿನ ಪೆಟ್ರೋಲನ್ನು ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. ಎಂಬತ್ತು ವರ್ಷದ ಹಿಂದೆ ಮಂಡ್ಯದ ಸಾರ ಕುಡಿದು ಓಡಿದ ಮೋಟಾರುಗಳನ್ನು ಆ ಸಮಾರಂಭದಲ್ಲಿ ಯಾರಾದರೂ ನೆನೆದಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನು ಬ್ಯಾಕ್ಟೀರಿಯಾಗಳ ಮಾತಿಗೆ ಬರೋಣ. ಯೀಸ್ಟಿನ ಕೆಲಸವನ್ನು ಬ್ಯಾಕ್ಟೀರಿಯಾಗಳಿಂದ ಮಾಡಿಸುವ ಆಸೆಯೂ ಹಳೆಯದೇ. ಮೊದಲನೆಯ ಮಹಾಯುದ್ಧದಲ್ಲಿ ಮದ್ದುಗುಂಡಿಗೆ ಬೇಕಾದ ಅಸಿಟೋನನ್ನು ಬ್ಯಾಕ್ಟೀರಿಯಾದಿಂದ ಹುಳಿಹಿಡಿಸಿ ತೆಗೆದವರು ಮ್ಯಾಂಚೆಸ್ಟರಿನ ಕೈಮ್ ವೈಜ್‌ಮನ್. ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದವರು ಇವರೇ. ಅದೇ ಮ್ಯಾಂಚೆಸ್ಟರಿನಿಂದ ೧೯೧೬ರಲ್ಲಿ ಬೆಂಗಳೂರಿನ ತಾತಾ ವಿಜ್ಞಾನ ಮಂದಿರಕ್ಕೆ ಬಂದ ಗಿಲ್ಬರ್ಟ್ ಫೌಲರ್ ಹಿಪ್ಪೆಯ ಹೂವಿನ ಸಕ್ಕರೆಯಿಂದ ಅಸಿಟೋನ್ ತೆಗೆಯುವ ಪ್ರಯೋಗಗಳನ್ನು ನಡೆಸಿದರು. ಅಂದಿನ ವಿಜ್ಞಾನಿಗಳು ಪ್ರಕೃತಿಯಲ್ಲಿ ಇದ್ದ ಬ್ಯಾಕ್ಟೀರಿಯಾಗಳಲ್ಲಿ ಬೇಕಾದುದನ್ನು ಹುಡುಕುತ್ತಿದ್ದರು. ಇಂದಿನವರು ಇದ್ದುದನ್ನೇ ತಿದ್ದುತ್ತಾರೆ. ಕಬ್ಬಿನ ರೈತನಿಗೆ ಇದು ಅಷ್ಟೇನೂ ಅಪರಿಚಿತವಾದ ಉಪಾಯವಲ್ಲ. ಕೊಯಮತ್ತೂರಿನ ತಳಿ ಸಂಸ್ಥೆಯಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅವರು ಸಿಹಿಗಬ್ಬಿಗೆ ಹೊಳೆದಂಡೆಯ ಕಾಡುಕಬ್ಬನ್ನು ಕೂಡಿಸದಿದ್ದರೆ ಮಂಡ್ಯದ ಗದ್ದೆಗಳಲ್ಲಿ ಇಂದು ನಿಂತಿರುವ ಕಬ್ಬೇ ಇರುತ್ತಿರಲಿಲ್ಲ. ಅಲ್ಲಿ ಎರಡು ಗಿಡಗಳ ಮದುವೆ. ಇಲ್ಲಿ ಒಂದು ಮರದ ಒಂದೇ ವಂಶವಾಹಿಯನ್ನು ಕಿತ್ತು ಬ್ಯಾಕ್ಟೀರಿಯಾದ ಮಡಿಲಿಗೆ ಹಾಕುವುದು.

ಏಕೆ ಕೊಬ್ಬು? ಪ್ರತಿಯೊಂದು ಜೀವಕೋಶವೂ ತನ್ನ ಸುತ್ತಣ ಪೊರೆಯನ್ನು ಕೊಬ್ಬಿನಿಂದಲೇ ನೇಯ್ದುಕೊಳ್ಳುತ್ತದೆ. ಆ ಕೊಬ್ಬಿನ ನೂಲಿಗೆ ಮೇದಾಮ್ಲ ಎಂದು ಹೆಸರು. ೧೮೮೫ರಲ್ಲಿ ಎಷೆರಿಖ್ ಎಂಬ ವೈದ್ಯರು ಕಂಡುಹಿಡಿದ, ನಮ್ಮ ನಿಮ್ಮೆಲ್ಲರ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾವೂ ಹಾಗೆಯೇ ಮಾಡುತ್ತದೆ. ಸಕ್ಕರೆಯನ್ನು ಒಡೆದು ಎರಡೆರಡು ಇಂಗಾಲದ ತುಣುಕುಗಳನ್ನಾಗಿ ಮಾಡಿ, ಒಂದು ಪುಟ್ಟ ಪ್ರೋಟೀನಿನ ಕೈಯಲ್ಲಿ ಹಿಡಿಸಿ, ಎರಡಕ್ಕೆ ಎರಡು ಪೋಣಿಸುತ್ತ ಹದಿನಾರು ಹದಿನೆಂಟರವರೆಗೆ ಸರ ಬೆಳೆಸುತ್ತದೆ. ಆದರೆ ಅದು ಜಾಣ ಗೃಹಿಣಿ. ಪೊರೆಗೆ ಬೇಕಾದಷ್ಟು ಆಯಿತೆಂದರೆ ಒಲೆ ಆರಿಸುತ್ತದೆ. ಸಿದ್ಧವಾದ ಸರವೇ ಹಿಂತಿರುಗಿ ಮೊದಲ ಹೆಜ್ಜೆಯ ಕಿಣ್ವವನ್ನು ತಡೆಯುತ್ತದೆ. ಈ ತಡೆಯನ್ನು ದಾಟುವ ಬಗೆ ತೊಂಬತ್ತರ ದಶಕದಲ್ಲಿ ತಿಳಿಯಿತು. ಅಮೆರಿಕದ ಜಾನ್ ಕ್ರೋನನ್ ಮತ್ತು ಅವರ ಸಹೋದ್ಯೋಗಿ, ಸರವನ್ನು ಕೈಯಿಂದ ಕತ್ತರಿಸಿ ಬಿಡುವ ಒಂದು ಕಿಣ್ವವನ್ನು ಅದರ ಮಾಮೂಲು ಜಾಗದಲ್ಲಿಡದೆ ಕೋಶದ ಒಳಗೇ ಉಳಿಯುವಂತೆ ಮಾಡಿದರು. ಸರ ತುಂಡಾಗಿ ಹೋಗುತ್ತಲೇ ಇದ್ದುದರಿಂದ ಇನ್ನೂ ಸಾಲದು ಎಂಬ ಭ್ರಮೆಯಲ್ಲಿ ಬ್ಯಾಕ್ಟೀರಿಯಾ ಕೊಬ್ಬು ಮಾಡುತ್ತಲೇ ಹೋಯಿತು. ಮಾಡಿದ ಕೊಬ್ಬನ್ನು ಅದೇ ಮತ್ತೆ ತಿಂದು ಹಾಕದಂತೆ, ತಿನ್ನುವ ದಾರಿಯ ವಂಶವಾಹಿಗಳನ್ನು ಮುಂದೆ ಬೇರೆಯವರು ಕಿತ್ತುಹಾಕಿದರು.

ಇದೇ ಕಾಲಕ್ಕೆ ನಡೆದ ಇನ್ನೊಂದು ಪ್ರಯೋಗ ಮದ್ದೂರಿನ ತೆಂಗಿನ ತೋಟದವರು ಕೇಳಬೇಕಾದದ್ದು. ಸಾಬೂನು ನೊರೆಗಟ್ಟಬೇಕಾದರೆ ಹನ್ನೆರಡು ಇಂಗಾಲದ ಲಾರಿಕ್ ಆಮ್ಲ ಬೇಕು. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಅದೇ ಇದೆ. ಕ್ಯಾಲಿಫೋರ್ನಿಯಾದ ಬೇ ಮರದ ಬೀಜದಲ್ಲಿಯೂ ಅದೇ ಆಮ್ಲವಿದೆ. ಸರ ಹನ್ನೆರಡಕ್ಕೆ ಮುಟ್ಟುತ್ತಲೇ ಕತ್ತರಿಸುವ ಕಿಣ್ವ ಆ ಮರದಲ್ಲಿರುವುದನ್ನು ಕಂಡುಹಿಡಿದು, ಅದರ ವಂಶವಾಹಿಯನ್ನು ಇ. ಕೋಲಿಗೆ ಸೇರಿಸಿದರು, ಬ್ಯಾಕ್ಟೀರಿಯಾ ಲಾರಿಕ್ ಆಮ್ಲ ಸುರಿಸಿತು. ಆ ವಂಶವಾಹಿಯನ್ನೇ ಸಾಸಿವೆಯ ಜಾತಿಯ ಎಣ್ಣೆಗಿಡಕ್ಕೆ ಸೇರಿಸಿ ೧೯೯೫ರಲ್ಲಿ ಹೊಲದಲ್ಲಿ ಬೆಳೆಸಿದ್ದೂ ಆಯಿತು. ತೆಂಗಿನ ಮರ ಸದ್ಯಕ್ಕೆ ಗೆದ್ದಿತು. ಬೆಲೆಯಲ್ಲಿ ಅದರೊಡನೆ ಹೊಸ ಗಿಡ ಸೆಣಸಲಾರದೆ ಹೋಯಿತು. ಆದರೆ ಒಂದು ಮರದ ಗುಣ ಇನ್ನೊಂದು ಜೀವಿಯ ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ ಎಂಬುದು ಸ್ಥಿರವಾಯಿತು.

೨೦೧೦ರಲ್ಲಿ ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ಮತ್ತು ಅವರ ಜೊತೆಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಇಟ್ಟರು. ಮದ್ಯಸಾರ, ಮೇದಾಮ್ಲ ಎರಡನ್ನೂ ಒಂದೇ ಬ್ಯಾಕ್ಟೀರಿಯಾದೊಳಗೆ ಹುಟ್ಟಿಸಿ, ಅಲ್ಲಿಯೇ ಕೂಡಿಸಿ, ಡೀಸೆಲ್ ಎಂಜಿನ್ನಿಗೆ ಒಗ್ಗುವ ಎಣ್ಣೆಯನ್ನು ಮಾಡಿಸಿದರು. ಎಣ್ಣೆ ನೀರಿನಲ್ಲಿ ಕರಗದೆ ಮೇಲೆ ತೇಲುವುದರಿಂದ ಮದ್ಯಸಾರಕ್ಕೆ ಬೇಕಾಗುವಷ್ಟು ಬಟ್ಟಿಯ ಸೌದೆ ಖರ್ಚು ಇಲ್ಲಿಲ್ಲ. ಸೊಗಸಾದ ಕೆಲಸ, ಆದರೆ ತಾತ್ವಿಕವಾಗಿ ಬರಬೇಕಾದ ಎಣ್ಣೆಯ ಹತ್ತನೆಯ ಒಂದು ಪಾಲನ್ನೂ ಅದು ಮುಟ್ಟಿರಲಿಲ್ಲ. ದೆಹಲಿಯ ಅಂತಾರಾಷ್ಟ್ರೀಯ ವಂಶವಾಹಿ ತಂತ್ರಜ್ಞಾನ ಕೇಂದ್ರದಲ್ಲಿಯೂ ಇಂಥ ಪ್ರಯತ್ನಗಳು ನಡೆದಿವೆ.

ಇಲ್ಲಿ ಒಂದು ಲೆಕ್ಕವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಪತ್ರಿಕೆಗಳಲ್ಲಿ ಈ ವಿಷಯ ಬಂದಾಗಲೆಲ್ಲ ಅದೊಂದೇ ಬಿಟ್ಟುಹೋಗುತ್ತದೆ. ನೂರು ಕಿಲೋ ಸಕ್ಕರೆಯಿಂದ ಹೆಚ್ಚೆಂದರೆ ಐವತ್ತೊಂದು ಕಿಲೋ ಮದ್ಯಸಾರ ಬರಬಹುದು. ಅದೇ ಸಕ್ಕರೆಯಿಂದ ಹೆಚ್ಚೆಂದರೆ ಮೂವತ್ತೈದು ಕಿಲೋವಿನಷ್ಟು ಮೇದಾಮ್ಲ. ಕೊಬ್ಬಿನ ಶಾಖ ಹೆಚ್ಚು, ನಿಜ. ಗುಣಿಸಿ ನೋಡಿದರೆ ಎರಡರ ಶಾಖವೂ ಹೆಚ್ಚುಕಡಮೆ ಒಂದೇ, ಮದ್ಯಸಾರದ್ದೇ ತುಸು ಮೇಲು. ಪ್ರಕೃತಿಯ ಅಂಗಡಿಯಲ್ಲಿ ಕೊಸರು ಸಿಗುವುದಿಲ್ಲ. ಮದ್ಯಸಾರವನ್ನು ಲಾರಿಯ ಡೀಸೆಲಿಗೆ ಬೆರೆಸುವುದು ಕಷ್ಟ, ವಿಮಾನಕ್ಕೆ ನೇರವಾಗಿ ಹಾಕುವುದು ಆಗದು, ಸಾಬೂನನ್ನಂತೂ ಮಾಡಲಾಗದು. ಕೊಬ್ಬಿನಿಂದ ಇವೆಲ್ಲ ಸಾಧ್ಯ. ಹೊಸ ವಿದ್ಯೆಯ ಲಾಭವಿರುವುದು ಇಷ್ಟರಲ್ಲಿಯೇ ಹೊರತು, ಅದೇ ಕಬ್ಬಿನಿಂದ ಎರಡು ಪಟ್ಟು ಇಂಧನ ಬರುತ್ತದೆ ಎಂಬುದರಲ್ಲಿ ಅಲ್ಲ.

ವ್ಯಾಪಾರದ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ೨೦೦೫ರಲ್ಲಿ ಹುಟ್ಟಿದ ಎಲ್‌ಎಸ್‌೯ ಎಂಬ ಕಂಪೆನಿ ಬ್ಯಾಕ್ಟೀರಿಯಾಗಳಿಂದ ಡೀಸೆಲ್ ತೆಗೆಯುತ್ತೇವೆಂದು ಹೊರಟು, ಕಬ್ಬಿನ ನಾಡಾದ ಫ್ಲೋರಿಡಾದ ಒಕಿಚೋಬಿಯಲ್ಲಿ ಕಾರ್ಖಾನೆಯನ್ನೂ ಕೊಂಡಿತು. ೨೦೧೪ರಲ್ಲಿ ತಾನೇ ಮಾರಾಟವಾಯಿತು. ಬ್ರೆಜಿಲಿನ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಪಾಚಿಯ ಎಣ್ಣೆಗೆ ತೊಟ್ಟಿ ಕಟ್ಟಿಸಿದ ಸೊಲಜೈಮ್ ೨೦೧೭ರಲ್ಲಿ ದಿವಾಳಿಯಾಯಿತು. ೨೦೧೪ರ ನಡುವೆ ಪೀಪಾಯಿಗೆ ನೂರು ಡಾಲರಿನ ಮೇಲಿದ್ದ ಕಚ್ಚಾ ತೈಲ ೨೦೧೬ರ ಆರಂಭಕ್ಕೆ ಮೂವತ್ತಕ್ಕೂ ಕೆಳಗೆ ಇಳಿಯಿತು. ಯುದ್ಧಾನಂತರ ಪವರ್ ಆಲ್ಕೊಹಾಲನ್ನು ಮೂಲೆಗೆ ತಳ್ಳಿದ ಕೈಯೇ ಇವರನ್ನೂ ತಳ್ಳಿತು. ಉಳಿದುಕೊಂಡವರು ಸಾಬೂನು, ಸುಗಂಧ, ಲೇಪಗಳ ಕಡೆ ತಿರುಗಿದರು; ಕಿಲೋಗೆ ಹೆಚ್ಚು ಹಣ ಹುಟ್ಟುವುದು ಅಲ್ಲಿ.

ಮಂಡ್ಯದ ಕಾರ್ಖಾನೆಯ ಪಾಡು ಈ ಎಲ್ಲದರಿಂದ ದೂರವೇ ಉಳಿಯಿತು. ರಾಜ್ಯದ ಸರ್ಕಾರದ ಕೈಯಲ್ಲಿರುವ ಏಕೈಕ ಸಕ್ಕರೆ ಕಾರ್ಖಾನೆ ಅದು. ನಷ್ಟ, ಹಳೆಯ ಯಂತ್ರ, ರೈತರ ಬಾಕಿ ಎಂದು ಕುಂಟುತ್ತ ಬಂದು, ಕೆಲವು ವರ್ಷ ಪೂರ್ತಿ ನಿಂತು, ೨೦೨೨ರ ಆಗಸ್ಟಿನಲ್ಲಿ ಮತ್ತೆ ಹೊಗೆ ಬಿಟ್ಟಿತು. ಕಾರ್ಖಾನೆ ನಿಂತಿದ್ದಾಗ ಅದರ ರೈತರು ಕಬ್ಬನ್ನು ಮದ್ದೂರು ತಾಲ್ಲೂಕಿನ ಖಾಸಗಿ ಕಾರ್ಖಾನೆಗಳಿಗೋ ಆಲೆಮನೆಗಳಿಗೋ ಸಾಗಿಸಬೇಕಾಯಿತು. ಬ್ಯಾಕ್ಟೀರಿಯಾದ ತೊಟ್ಟಿಗಳು ನಾಳೆ ಈ ಬಯಲಿಗೆ ಬಂದರೂ ಅವುಗಳಿಗೆ ಬೇಕಾದದ್ದು ಕಬ್ಬಿನ ಹಾಲೇ. ಆದ್ದರಿಂದ ಹನ್ನೆರಡು ತಿಂಗಳ ಕಬ್ಬಿಗೆ ಮುಂಗಡ ಸುರಿದ ರೈತನಿಗೆ ಹಣ ಯಾವಾಗ, ಎಷ್ಟು ಬರುತ್ತದೆ ಎಂಬುದು ಅಂದಿಗೂ ಪ್ರಯೋಗಶಾಲೆಯಲ್ಲಿ ತೀರ್ಮಾನವಾಗುವ ಮಾತಲ್ಲ. ೧೯೩೩ರಲ್ಲಿ ಕೋಲ್ಮನ್ನರು ಕಾರ್ಖಾನೆಯನ್ನು ಕಂಪೆನಿಯಾಗಿ ಕಟ್ಟಿಸಿ ಅದರಲ್ಲಿ ಸರ್ಕಾರದ ಪಾಲು ಇರಲೆಂದದ್ದು ಈ ಒಂದು ಕಾರಣಕ್ಕಾದರೂ ಮತ್ತೆ ಓದಬೇಕಾದ ಅಧ್ಯಾಯ.

ಕಬ್ಬಿನ ಸಿಪ್ಪೆಯಲ್ಲಿರುವ ಸಕ್ಕರೆಯನ್ನೂ ಬಿಡಿಸಿ ತಿನ್ನಬಲ್ಲ ಬ್ಯಾಕ್ಟೀರಿಯಾಗಳನ್ನು ಮಾಡುವ ಯತ್ನವಿದೆ; ೨೦೧೦ರ ಪ್ರಯೋಗದಲ್ಲಿಯೇ ಅದರ ಒಂದು ತುಣುಕು ಇತ್ತು. ಅದು ನಿಜವಾಗಿ ಕೈಗೂಡಿದರೆ ಅನ್ನದ ಸಕ್ಕರೆಗೂ ಇಂಧನದ ಸಕ್ಕರೆಗೂ ಇರುವ ತಂಟೆ ತಗ್ಗೀತು. ಈಗಿನ ಮಟ್ಟಿಗೆ ತಂಟೆ ತಗ್ಗಿಲ್ಲ. ೨೦೨೩ರಲ್ಲಿ ಮುಂಗಾರು ಕೈಕೊಟ್ಟು ಸಕ್ಕರೆ ಕಡಮೆಯಾಗುತ್ತದೆ ಎಂದು ಕಂಡೊಡನೆ, ಕಬ್ಬಿನ ಹಾಲಿನಿಂದ ನೇರವಾಗಿ ಎಥೆನಾಲ್ ಮಾಡುವುದಕ್ಕೆ ಕೇಂದ್ರ ಸರ್ಕಾರ ಡಿಸೆಂಬರಿನಲ್ಲಿ ಕಡಿವಾಣ ಹಾಕಿತು. ಕಾಕಂಬಿಯಿಂದ ಮಾಡುವುದು ಮುಂದುವರಿಯಿತು. ಕಡಿವಾಣ ಸಡಿಲವಾದದ್ದು ಮರುವರ್ಷ. ೨೦೨೩ರಲ್ಲಿ ಕನ್ನಂಬಾಡಿಯ ಕಟ್ಟೆಯೂ ತುಂಬಲಿಲ್ಲ. ಸುರಂಗ ದಾಟಿ ಬರುವ ನಾಲೆಯ ನೀರಿಗೆ ಮೊದಲು ಸಿಗುವುದು ತಲೆಯ ಕಡೆಯ ಗದ್ದೆಗಳು. ಮಳವಳ್ಳಿಯ ಕಡೆ, ನಾಲೆಯ ಬಾಲದಲ್ಲಿರುವ ಹಳ್ಳಿಗಳಲ್ಲಿ, ಕೂಳೆ ಕಬ್ಬಿನ ಬುಡ ಒಣಗುತ್ತಿರುವಂತೆಯೇ ಜನ ಮಂಡ್ಯದ ಹೆದ್ದಾರಿಯಲ್ಲಿ ನೀರಿಗಾಗಿ ಧರಣಿ ಕೂತಿದ್ದರು.